ಮನೆಗಿಂತ ಮೊದಲು ಬಡಾವಣೆ: ಆ ಕೆಲಸಕ್ಕೆ ಗೂಗಲ್ ಮ್ಯಾಪ್ಸ್ ಎಷ್ಟು ಆಗಿಬರುತ್ತದೆ?

ಕೆಲಸಕ್ಕೆಂದು ಪರಿಚಯವಿಲ್ಲದ ನಗರಕ್ಕೆ ಹೋಗುವವರು ಮೊದಲು ತೆರೆಯುವುದು ಬಾಡಿಗೆ ಮನೆಗಳ ಆ್ಯಪ್. ಅಲ್ಲಿ ಹಾಲ್ ಕಾಣುತ್ತದೆ, ಬಾಲ್ಕನಿ ಕಾಣುತ್ತದೆ, ಬೀದಿ ಮಾತ್ರ ಕಾಣುವುದಿಲ್ಲ. ಈ ಸಲ ನಾನು ಆ ಆ್ಯಪ್‌ಗಳನ್ನೆಲ್ಲ ಪಕ್ಕಕ್ಕಿಟ್ಟೆ. ಯಾವ ಬಡಾವಣೆ ಎಂಬುದನ್ನು ಗೂಗಲ್ ಮ್ಯಾಪ್ಸ್‌ನಲ್ಲೇ ಜಾಲಾಡಿ ತೀರ್ಮಾನಿಸಿ, ಆಮೇಲೆ ಮನೆ ನೋಡಲು ಹೊರಟೆ. ದಾರಿ ತೋರಿಸುವ ಆ್ಯಪ್ ಆಗಿ ಅದು ಎಲ್ಲರಿಗೂ ಗೊತ್ತಿರುವುದೇ. ಬಡಾವಣೆ ಆರಿಸಲು ಅದು ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಈ ವಿಮರ್ಶೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಈ ಅಂಕ ನನ್ನ ದಿನಚರಿಗೆ ತಕ್ಕಂತೆ ಕೊಟ್ಟದ್ದು, ಹಾಗಾಗಿ ಅದನ್ನೂ ಹೇಳಬೇಕು. ನಾನು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಒಂದು ವಾರ ಬೆಳಿಗ್ಗೆ ಆರಕ್ಕೆ ಡ್ಯೂಟಿ ಶುರು, ಮುಂದಿನ ವಾರ ರಾತ್ರಿ ಹತ್ತಕ್ಕೆ ಡ್ಯೂಟಿ ಮುಗಿಯುತ್ತದೆ. ಸ್ವಂತ ಗಾಡಿ ಇಲ್ಲ, ಮನೆಯಲ್ಲಿ ಇರುವುದು ಒಬ್ಬಳೇ. ಹೀಗಿರುವಾಗ ‘ಒಳ್ಳೆ ಏರಿಯಾನಾ?’ ಎಂದು ಯಾರನ್ನಾದರೂ ಕೇಳಿದರೆ ಸಿಗುವ ಉತ್ತರ ನನಗೆ ಅರ್ಧ ಮಾತ್ರ ಉಪಯೋಗ. ಹಗಲು ಹನ್ನೊಂದಕ್ಕೆ ಒಳ್ಳೆಯದಾಗಿರುವ ರಸ್ತೆ ರಾತ್ರಿ ಹತ್ತೂವರೆಗೆ ಹೇಗಿರುತ್ತದೆ ಎನ್ನುವುದು ನನಗೆ ಬೇಕಾದ ವಿಷಯ.

ಮ್ಯಾಪ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಹೊತ್ತು ಗೊತ್ತುಮಾಡುವ ಸೌಲಭ್ಯ. ದಾರಿ ಕೇಳಿದಾಗ ಆ್ಯಪ್ ಈಗಲೇ ಹೊರಡುತ್ತೀರಿ ಎಂದುಕೊಂಡು ಲೆಕ್ಕ ಹಾಕುತ್ತದೆ. ಅದನ್ನು ಬದಲಿಸಿ ಹೊರಡುವ ಹೊತ್ತನ್ನೋ ತಲುಪಬೇಕಾದ ಹೊತ್ತನ್ನೋ ನಾವೇ ಕೊಡಬಹುದು. ಭಾನುವಾರ ಮಧ್ಯಾಹ್ನ ನೋಡಿದರೆ ಎಲ್ಲ ಬಡಾವಣೆಗಳೂ ಆಫೀಸಿಗೆ ಹತ್ತಿರವೇ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಲುಪಬೇಕು ಎಂದು ಕೊಟ್ಟು ನೋಡಿ, ಅಸಲಿ ದೂರ ಗೊತ್ತಾಗುತ್ತದೆ. ಕಾರಿನ ದಾರಿಗೆ ಆಗ ಅದು ಒಂದೇ ಅಂಕಿ ಕೊಡದೆ ‘ಇಷ್ಟರಿಂದ ಇಷ್ಟು ನಿಮಿಷ’ ಎನ್ನುತ್ತದೆ. ನೋಡಬೇಕಾದದ್ದು ದೊಡ್ಡ ಅಂಕಿಯನ್ನು. 25ರಿಂದ 60 ನಿಮಿಷ ಎನ್ನುವ ಜಾಗಕ್ಕಿಂತ 35ರಿಂದ 45 ಎನ್ನುವ ಜಾಗ ನನಗೆ ಎಷ್ಟೋ ಮೇಲು. ಹಿಂದಿನ ಪಾಳಿಯವರು ನನ್ನ ಕೈಗೆ ಕೆಲಸ ಒಪ್ಪಿಸಿ ಮನೆಗೆ ಹೋಗಬೇಕು. ನಾನು ತಡಮಾಡಿದರೆ ಅವರು ಕಾಯಬೇಕಾಗುತ್ತದೆ.

ಬಸ್ಸು, ಮೆಟ್ರೋಗೂ ಹೀಗೇ. ಬೆಳಿಗ್ಗೆ ಆರಕ್ಕೆ ತಲುಪಬೇಕು ಎಂದು ಕೊಟ್ಟಾಗ, ನಾನು ಮನಸ್ಸಿಟ್ಟಿದ್ದ ಒಂದು ಬಡಾವಣೆ ಅಲ್ಲೇ ಬಿದ್ದುಹೋಯಿತು. ಬಾಡಿಗೆ ಕಡಿಮೆ, ಗಿಡಮರ ಚೆನ್ನಾಗಿತ್ತು, ಆದರೆ ಅಷ್ಟು ಹೊತ್ತಿಗೆ ಅಲ್ಲಿಂದ ಗಾಡಿಯೇ ಹೊರಡುವುದಿಲ್ಲ. ದಿನದ ಕೊನೆಯ ಬಸ್ಸು ಯಾವುದು ಎಂದು ತೋರಿಸುವ ಆಯ್ಕೆಯೂ ಇದೆ. ಸಂಜೆ ಪಾಳಿಯವರು ಮೊದಲು ಅದನ್ನೇ ಒತ್ತಿ ನೋಡಬೇಕು. ಒಂದು ಎಚ್ಚರಿಕೆ: ಈ ವೇಳಾಪಟ್ಟಿಗಳು ಸಾರಿಗೆ ಸಂಸ್ಥೆಗಳು ಜಿಟಿಎಫ್‌ಎಸ್ ಎಂಬ ನಮೂನೆಯಲ್ಲಿ ಕೊಡುವ ಕಡತದಿಂದ ಬರುತ್ತವೆ. ಸಂಸ್ಥೆ ಕಡತವನ್ನೇ ಕೊಡದಿದ್ದರೆ, ಕೊಟ್ಟದ್ದು ಹಳತಾಗಿದ್ದರೆ, ಮ್ಯಾಪ್ಸ್ ಹೇಳುವ ಬಸ್ಸು ಬರುವುದಿಲ್ಲ. ಸಂಸ್ಥೆಯ ಸ್ವಂತ ಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಲೇಬೇಕು.

ನಡಿಗೆಯ ದಾರಿಯನ್ನು ಬಹಳ ಜನ ನೋಡುವುದೇ ಇಲ್ಲ. ಬ್ರೋಕರುಗಳು ‘ಸ್ಟಾಪಿಗೆ ಐದೇ ನಿಮಿಷ’ ಎನ್ನುವುದು ಸಾಮಾನ್ಯವಾಗಿ ಹಕ್ಕಿ ಹಾರುವ ದೂರ. ನಡುವೆ ರೈಲು ಹಳಿಯೋ ರಾಜಕಾಲುವೆಯೋ ದಾಟಲಾಗದ ಹೆದ್ದಾರಿಯೋ ಇದ್ದರೆ 300 ಮೀಟರ್ ಅನ್ನುವುದು ಸುತ್ತಿಕೊಂಡು ಒಂದು ಕಿಲೋಮೀಟರ್ ದಾಟುತ್ತದೆ. ಆ ಸುತ್ತು ರಾತ್ರಿ ಯಾವ ಅಂಡರ್‌ಪಾಸಿನಲ್ಲಿ ನುಗ್ಗಿ ಹೋಗುತ್ತದೆ ಎಂಬುದನ್ನು ನಡಿಗೆಯ ಗೆರೆಯ ಮೇಲೆ ಬೆರಳಿಟ್ಟುಕೊಂಡು ನೋಡಿ.

ಬೀದಿಯ ಸುತ್ತಲಿನ ಫೋಟೋಗಳನ್ನು ತೋರಿಸುವ ಸ್ಟ್ರೀಟ್ ವ್ಯೂ ಇರುವ ಕಡೆ ಆ ಗೆರೆಯುದ್ದಕ್ಕೂ ಕೂತಲ್ಲೇ ನಡೆದುಬರಬಹುದು. ಇದು 2007ರಲ್ಲಿ ಶುರುವಾದದ್ದು; 2014ರಿಂದ ಹಳೆಯ ವರ್ಷಗಳ ಚಿತ್ರಗಳನ್ನೂ ತೆರೆದು ನೋಡುವ ಅವಕಾಶವಿದೆ. ಈ ಹಳೆಯ ಚಿತ್ರಗಳು ನನಗೆ ಬಹಳ ಇಷ್ಟವಾದವು. ಒಂದೇ ತಿರುವನ್ನು ಬೇರೆಬೇರೆ ವರ್ಷಗಳಲ್ಲಿ ನೋಡಿದಾಗ, ಅಂಗಡಿಗಳು ತೆರೆಯುತ್ತಾ ಬಂದಿವೆಯೋ ಮುಚ್ಚುತ್ತಾ ಹೋಗಿವೆಯೋ, ಫುಟ್‌ಪಾತ್ ದುರಸ್ತಿ ಆಗಿದೆಯೋ ಹಾಗೇ ಕುಸಿದಿದೆಯೋ ತಿಳಿಯುತ್ತದೆ. ನಾನು ಮನೆಗಳ ಅಂದ ನೋಡಲಿಲ್ಲ. ನೋಡಿದ್ದು ಬೀದಿದೀಪದ ಕಂಬಗಳನ್ನು, ರಸ್ತೆಗೆ ತೆರೆದುಕೊಂಡ ಕಿಟಕಿ ಬಾಗಿಲುಗಳನ್ನು, ಉದ್ದಕ್ಕೂ ಬರೀ ಕಾಂಪೌಂಡ್ ಗೋಡೆಯೇ ಇರುವ ತುಂಡುಗಳನ್ನು. ಎರಡೂ ಕಡೆ ಎತ್ತರದ ಗೋಡೆ ಇರುವ ರಸ್ತೆಯಲ್ಲಿ ಕೂಗಿದರೂ ಕೇಳಿಸಿಕೊಳ್ಳುವವರಿಲ್ಲ. ಅಂಗಡಿ ಸಾಲಿನ ಗದ್ದಲವೇ ನನಗೆ ಧೈರ್ಯ.

ಆದರೆ ಸ್ಟ್ರೀಟ್ ವ್ಯೂ ಚಿತ್ರಗಳು ಹಗಲಿನವು. ಮೂಲೆಯಲ್ಲಿರುವ ತಿಂಗಳು, ವರ್ಷ ನೋಡದೆ ನಂಬುವಂತಿಲ್ಲ. ಕಂಬ ಇದೆ ಎಂದು ಗೊತ್ತಾಗುತ್ತದೆ, ದೀಪ ಉರಿಯುತ್ತದೆಯೇ ಎಂದು ಗೊತ್ತಾಗುವುದಿಲ್ಲ. ನಾನು ಕಡಿದ ಒಂದು ಅಂಕ ಇದಕ್ಕೇ. ಬೀದಿದೀಪದ ಮಾಹಿತಿ ಕೊಡುವುದು ಅಸಾಧ್ಯವೇನಲ್ಲ. ಸ್ವಯಂಸೇವಕರು 2004ರಿಂದ ಕಟ್ಟುತ್ತಾ ಬಂದಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಗೆ ಬೆಳಕಿದೆಯೇ ಇಲ್ಲವೇ ಎಂದು ಗುರುತು ಹಾಕುವ ವ್ಯವಸ್ಥೆ ಇದೆ. ಗುರುತು ಹಾಕುವ ಉತ್ಸಾಹಿಗಳಿರುವ ನಗರದಲ್ಲಿ ಅದು ತುಂಬಾ ಉಪಯೋಗ. ಇಷ್ಟು ದೊಡ್ಡ ಕಂಪನಿ ಇದನ್ನು ಮ್ಯಾಪ್ಸ್‌ನ ಒಂದು ಪದರವಾಗಿ ಕೊಟ್ಟರೆ ರಾತ್ರಿ ಪಾಳಿಯ ಲಕ್ಷಾಂತರ ಜನ ನೆನೆಯುತ್ತಾರೆ.

ಕತ್ತಲಾದ ಮೇಲೆ ಜನ ಇರುತ್ತಾರೋ ಇಲ್ಲವೋ ಎಂದು ಅಂದಾಜು ಮಾಡಲು ಒಂದು ದಾರಿ ಕಂಡುಕೊಂಡೆ. ಅಂಗಡಿ, ಔಷಧದಂಗಡಿ, ಬಸ್ ನಿಲ್ದಾಣಗಳ ಮೇಲೆ ಒತ್ತಿದರೆ ಯಾವ ಗಂಟೆಯಲ್ಲಿ ಎಷ್ಟು ಜನ ಎಂಬ ಕಂಬಚಿತ್ರ ಬರುತ್ತದಲ್ಲ, ಅದರಲ್ಲಿ ವಾರದ ನಡುವಿನ ದಿನದ ರಾತ್ರಿ ಒಂಬತ್ತು, ಹತ್ತರ ಕಂಬಗಳನ್ನು ನೋಡುವುದು. ಅದು ಲೊಕೇಶನ್ ಬಿಟ್ಟುಕೊಟ್ಟ ಬಳಕೆದಾರರ ಮಾಹಿತಿಯಿಂದ ಬರುವಂಥದ್ದು. ಆ ಜಾಗದ ತುಂಬು ಹೊತ್ತಿಗೆ ಹೋಲಿಸಿ ತೋರಿಸುತ್ತದೆಯೇ ಹೊರತು ತಲೆ ಎಣಿಸಿ ಹೇಳುವುದಿಲ್ಲ. ಹಾಗಾಗಿ ಒಂದು ಅಂಗಡಿ ನೋಡಿ ನಿರ್ಧರಿಸಬೇಡಿ, ಸ್ಟಾಪಿನಿಂದ ಮನೆವರೆಗಿನ ಎಲ್ಲವನ್ನೂ ನೋಡಿ. ಎಲ್ಲ ಅಂಗಡಿಗಳೂ ಎಂಟಕ್ಕೇ ಬಾಗಿಲು ಹಾಕುವ ಬೀದಿಯನ್ನು ನಾನು ಪಟ್ಟಿಯಿಂದ ತೆಗೆದೆ.

ಮ್ಯಾಪ್ಸ್ ಬಡಾವಣೆಗಳಿಗೆ ಸುರಕ್ಷತೆಯ ಅಂಕ ಕೊಡುವುದಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 2009ರಲ್ಲಿ ಶುರುವಾದ ನಂಬಿಯೋ ಎಂಬ ಜಾಲತಾಣ ನಗರಗಳ ಸುರಕ್ಷತಾ ಸೂಚ್ಯಂಕ ಕೊಡುತ್ತದೆ ಎಂದು ಅನೇಕರು ಅದನ್ನು ಹಿಡಿದು ವಾದಿಸುತ್ತಾರೆ. ಆ ಅಂಕಿ ಆ ಜಾಲತಾಣಕ್ಕೆ ಭೇಟಿ ಕೊಟ್ಟವರು ತುಂಬಿದ ಅಭಿಪ್ರಾಯದ್ದು, ಪೊಲೀಸ್ ದಾಖಲೆಯದ್ದಲ್ಲ. ಇಡೀ ನಗರಕ್ಕೆ ಒಂದೇ ಅಂಕಿ ಇಟ್ಟುಕೊಂಡು ಬೀದಿ ಆರಿಸಲು ಬರುವುದಿಲ್ಲ. ಪೊಲೀಸ್ ದಾಖಲೆಯಿಂದ ಮಾಡಿದ ಅಪರಾಧ ನಕ್ಷೆ ಇದ್ದರೂ ಅದನ್ನು ಓದುವುದಕ್ಕೆ ತಾಳ್ಮೆ ಬೇಕು. ದೊಡ್ಡ ರೈಲು ನಿಲ್ದಾಣದ ಸುತ್ತ ವಾಸಿಸುವವರು ಕಡಿಮೆ, ಬಂದುಹೋಗುವವರು ಸಾವಿರಾರು. ದೂರುಗಳನ್ನು ವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಆ ಜಾಗ ಕೆಂಪಗೆ ಕಾಣದೆ ಇರುತ್ತದೆಯೇ? ಜನ ದೂರು ಕೊಡಲು ಹೆದರುವ ಜಾಗ ಅದೇ ನಕ್ಷೆಯಲ್ಲಿ ಹಸಿರಾಗಿ ಕೂತಿರುತ್ತದೆ. ಅಮೆರಿಕದಲ್ಲಿ ಮನೆ ಹುಡುಕುವವರ ಜಾಲತಾಣ ರಿಯಲ್ಟರ್ ಡಾಟ್ ಕಾಮ್ 2021ರ ಕೊನೆಗೆ ತನ್ನ ಅಪರಾಧ ನಕ್ಷೆಯನ್ನೇ ತೆಗೆದುಹಾಕಿತು, ಅದು ಸರಿಯಾದ ಕೆಲಸ. ಒಂದು ಬಣ್ಣ ಬಳಿದರೆ ಅಲ್ಲಿ ಬದುಕುವ ಎಲ್ಲರ ಹಣೆಗೂ ಆ ಬಣ್ಣ ಹತ್ತಿಕೊಳ್ಳುತ್ತದೆ.

ಇನ್ನು ದುಡ್ಡಿನ ವಿಷಯ. ಮ್ಯಾಪ್ಸ್ ಬಾಡಿಗೆ ಹೇಳುವುದಿಲ್ಲ, ಆದರೆ ಬಾಡಿಗೆಯ ಜೊತೆ ಸೇರಬೇಕಾದ ಇನ್ನರ್ಧ ಲೆಕ್ಕವನ್ನು ಕೊಡುತ್ತದೆ. ಬಾಡಿಗೆ ಸಂಬಳದ 30% ಮೀರಬಾರದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅಮೆರಿಕದ ಸರ್ಕಾರಿ ವಸತಿಯಲ್ಲಿ ಬಾಡಿಗೆಗೆ 1969ರಲ್ಲಿ ಆದಾಯದ 25% ಮಿತಿ ಇಟ್ಟು, 1981ರಲ್ಲಿ ಅದನ್ನು 30%ಕ್ಕೆ ಏರಿಸಿದ್ದರು. ಈ ಅಳತೆಯಲ್ಲಿ ಪ್ರಯಾಣದ ಖರ್ಚಿಗೆ ಜಾಗವೇ ಇಲ್ಲ. ಶಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ವಸತಿ, ಓಡಾಟ ಎರಡೂ ಸೇರಿ ಆದಾಯದ 45% ಒಳಗಿರಲಿ ಎನ್ನುತ್ತದೆ. ನಾನು ಈ ಎರಡನೆಯದನ್ನೇ ಹಿಡಿದೆ. ಸಂಜೆ ಪಾಳಿಯ ವಾರ ಬಸ್ಸು ತಪ್ಪಿದರೆ ಟ್ಯಾಕ್ಸಿಯೇ ಗತಿ ಎಂದು ಆ ಖರ್ಚನ್ನೂ ಸೇರಿಸಿ ನೋಡಿದಾಗ, ಊರಾಚೆಯ ‘ಅಗ್ಗದ’ ಬಡಾವಣೆ ಆಸ್ಪತ್ರೆಯ ಹತ್ತಿರದ ಚಿಕ್ಕ ಮನೆಗಿಂತ ದುಬಾರಿಯಾಗಿ ನಿಂತಿತು. ಹಗಲು ಪಾಳಿ ಮಾತ್ರ ಇರುವ ಸಹೋದ್ಯೋಗಿಗೆ ಅದೇ ಲೆಕ್ಕ ತಿರುಗಿ ಬಂತು. ಅವಳು ದೂರದಲ್ಲೇ ಸುಖವಾಗಿದ್ದಾಳೆ.

ಮಕ್ಕಳ ಶಾಲೆ ನೋಡಿ ಬಡಾವಣೆ ಆರಿಸುವವರಿಗೆ ಈ ಆ್ಯಪ್ ಇಷ್ಟು ನೆರವಾಗದು. ಶಾಲೆಯ ಹೆಸರಿನ ಕೆಳಗಿನ ನಕ್ಷತ್ರಗಳನ್ನು ನಂಬಿ ಅಗ್ರಿಮೆಂಟಿಗೆ ಸಹಿ ಹಾಕಬೇಡಿ, ಶಾಲೆಗೇ ಹೋಗಿ ವಿಚಾರಿಸಿ. ಉಳಿದವರು ಎರಡು ಮೂರು ಬೀದಿಗಳಿಗೆ ಪಟ್ಟಿ ಇಳಿದ ಮೇಲೆ ಫೋನು ಜೇಬಿಗಿಟ್ಟು, ನಿಮ್ಮ ಡ್ಯೂಟಿ ಮುಗಿಯುವ ಹೊತ್ತಿಗೇ ಸ್ಟಾಪಿನಲ್ಲಿ ಇಳಿದು ಆ ಮನೆಯ ಗೇಟಿನವರೆಗೆ ನಡೆದು ನೋಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.