"ಹ್ಯಾಂಡ್‌ವೈರ್ಡ್ 808" ಅಂತ ಪೆಡಲ್ ಮಾರ್ತಿದ್ದಾನೆ, ಕೆಳಗಿನ ಮುಚ್ಚಳ ಬಿಚ್ಚಿಸದೆ ದುಡ್ಡು ಕೊಡಬೇಡಿ

ಗಿಟಾರಿಗೆ ವಾಲ್ವ್ ಆಂಪ್ (ಗಾಜಿನ ವಾಲ್ವ್ ಇರೋ ಆಂಪ್ಲಿಫೈಯರ್) ಇಟ್ಟುಕೊಂಡು, ಕೈಗೆಟುಕುವ ಬೆಲೆಗೆ ಒಂದು ಒಳ್ಳೆ ಓವರ್‌ಡ್ರೈವ್ (ಸೌಂಡನ್ನ ಜೋರು ಮಾಡಿ ಸ್ವಲ್ಪ ಒರಟಾಗಿಸೋ, ಕಾಲಲ್ಲಿ ಒತ್ತೋ ಪೆಡಲ್) ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಲ್ಲಿ ಒಬ್ಬ "ಹ್ಯಾಂಡ್‌ವೈರ್ಡ್ 808, ಒರಿಜಿನಲ್ ಜಪಾನ್ ಚಿಪ್" ಅಂತ ಹೇಳಿ ಪೆಡಲ್ ಮಾರ್ತಿದ್ದಾನೆ. 808 ಅಂದ್ರೆ ಟ್ಯೂಬ್ ಸ್ಕ್ರೀಮರ್ ಅನ್ನೋ ಹೆಸರಾಂತ ಓವರ್‌ಡ್ರೈವ್, ಹ್ಯಾಂಡ್‌ವೈರ್ಡ್ ಅಂದ್ರೆ ಪಾರ್ಟುಗಳನ್ನ ಕೈಯಲ್ಲೇ ಬೆಸೆದದ್ದು. ನನ್ನಿಂದ 8,500 ರೂಪಾಯಿ ತಗೊಂಡ. ಒಳಗಿದ್ದದ್ದು 808 ಅಲ್ಲ, ಹ್ಯಾಂಡ್‌ವೈರ್ಡ್ ಅಲ್ಲ, ನಾವು ಓವರ್‌ಡ್ರೈವ್ ಅಂತ ಏನನ್ನ ಕರೀತೀವೋ ಅದೂ ಅಲ್ಲ. ಈಗ ಅದೇ ಡಬ್ಬಿಗೆ ಹಸಿರಿನ ಬದಲು ಕೆನೆ ಬಣ್ಣ ಬಳಿದು 9,500ಕ್ಕೆ ಹಾಕಿದ್ದಾನೆ. ಅದನ್ನ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನನ್ನ ಆಂಪ್ ಫೆಂಡರ್ ಬ್ಲೂಸ್ ಜೂನಿಯರ್. 15 ವ್ಯಾಟ್, ಎರಡು ಇಎಲ್84 ವಾಲ್ವ್, ಮೂರು 12ಎಎಕ್ಸ್7 ವಾಲ್ವ್. ಕ್ಲೀನ್ ಸೌಂಡ್ ಚೆನ್ನಾಗಿದೆ, ಸ್ವಲ್ಪ ಏರಿಸಿದ್ರೆ ವಾಲ್ವಿನಲ್ಲೇ ಸೌಂಡ್ ತಾನಾಗೇ ಒಡೆದು ಒರಟಾಗೋಕೆ ಶುರುವಾಗುತ್ತೆ. ಇಂಥ ಆಂಪಿಗೆ ಪೆಡಲ್ ಯಾಕೆ ಬೇಕು ಅನ್ನೋದು ಬಾರಿಸುವವರಿಗೆ ಗೊತ್ತು. ಪೆಡಲೇ ಎಲ್ಲಾ ಗಲಾಟೆ ಮಾಡಬೇಕಾಗಿಲ್ಲ. ಅದರ ಡ್ರೈವ್ (ಒರಟುತನ) ಕಡಿಮೆ, ಲೆವೆಲ್ (ಹೊರಬರೋ ಸೌಂಡಿನ ಜೋರು) ಜಾಸ್ತಿ ಇಟ್ಟು ಮೊದಲನೇ ವಾಲ್ವಿಗೆ ಜೋರಾದ ಸಿಗ್ನಲ್ ಕೊಟ್ಟರೆ ಮಿಕ್ಕಿದ್ದನ್ನ ವಾಲ್ವ್ ನೋಡ್ಕೊಳ್ಳುತ್ತೆ. ಟ್ಯೂಬ್ ಸ್ಕ್ರೀಮರ್ ಥರದ ಪೆಡಲ್ ಇಷ್ಟು ವರ್ಷ ಉಳಿದಿರೋದೇ ಇದಕ್ಕೆ. ಅದು ಬಾಸ್ ಕತ್ತರಿಸಿ 720 ಹರ್ಟ್ಸ್ ಆಸುಪಾಸಿನ ಮಿಡ್ (ಮಧ್ಯದ ಸ್ವರಭಾಗ) ಮುಂದೆ ತರುತ್ತೆ, ಫೆಂಡರ್ ಆಂಪಲ್ಲಿ ಕಡಿಮೆ ಇರೋದೂ ಆ ಮಿಡ್ಡೇ. ಇದೆಲ್ಲ ಅವನಿಗೂ ಗೊತ್ತು. ಫೋನಲ್ಲಿ ನನಗಿಂತ ಚೆನ್ನಾಗಿ ಅವನೇ ವಿವರಿಸಿದ. ಅದಕ್ಕೇ ಇಷ್ಟು ಸಿಟ್ಟು ಬರ್ತಿರೋದು.

ನೋಡೋಕೆ ಅವನ ಮನೆಗೇ ಕರೆದ. ಮೇಲಿನ ಮಹಡಿಯ ರೂಮಲ್ಲಿ ಒಂದು ಚಿಕ್ಕ ಟ್ರಾನ್ಸಿಸ್ಟರ್ ಪ್ರಾಕ್ಟೀಸ್ ಆಂಪ್. ವಾಲ್ವ್ ಆಂಪ್ ಇಲ್ವಾ ಅಂದ್ರೆ "ಸರ್ವಿಸಿಗೆ ಹೋಗಿದೆ ಸರ್, ಆದ್ರೆ ಇದರಲ್ಲೇ ಹೀಗೆ ಕೇಳಿಸಿದ್ರೆ ನಿಮ್ಮದರಲ್ಲಿ ಹೆಂಗಿರುತ್ತೆ ಯೋಚ್ನೆ ಮಾಡಿ" ಅಂದ. ಆಂಪಿನ ಗೇನ್ ಮೊದಲೇ ಏರಿಸಿಟ್ಟಿದ್ದ. ಪೆಡಲ್ಲಿನ ಡ್ರೈವ್ ಮುಕ್ಕಾಲು ಭಾಗ, ಮೇಲೆ ರಿವರ್ಬ್. ಗಿಟಾರ್ ಅವನೇ ಹಿಡ್ಕೊಂಡ. ನಾನು ಡ್ರೈವ್ ನಾಬಿಗೆ ಕೈ ಹಾಕಿದಾಗ "ಒಂದ್ನಿಮಿಷ ಸರ್, ಇದನ್ನ ಕೇಳಿ ಮೊದಲು" ಅಂತ ಇನ್ನೊಂದು ಲಿಕ್ ಶುರು ಮಾಡಿದ. ನನಗೆ ಕೊಟ್ಟಾಗಲೂ ಪಕ್ಕದಲ್ಲೇ ನಿಂತು ಮಾತಾಡ್ತಾನೇ ಇದ್ದ. ಡ್ರೈವ್ ಸೊನ್ನೆಗೆ ಇಳಿಸಿ ಲೆವೆಲ್ ಫುಲ್ ಇಟ್ಟು ಕೇಳೋ ಅವಕಾಶವೇ ಕೊಡಲಿಲ್ಲ. ಆ ಥರ ಆಂಪಲ್ಲಿ, ಆ ಥರ ಡ್ರೈವಲ್ಲಿ ಯಾವ ಪೆಡಲ್ ಹಾಕಿದ್ರೂ ಒಂದೇ ಕೇಳಿಸುತ್ತೆ. ಆ ಡೆಮೋ ಇರೋದೇ ಅದಕ್ಕೆ.

ಕೆಳಗಿನ ಮುಚ್ಚಳ ಬಿಚ್ಚಿ ತೋರಿಸಿ ಅಂತ ಕೇಳಿದೆ. ಬಿಚ್ಚಿದ. ಒಳಗೆ ಪೂರ್ತಿ ಕಪ್ಪು ಎಪಾಕ್ಸಿ, ಅಂದ್ರೆ ಗಟ್ಟಿಯಾಗೋ ಅಂಟು. ಒಂದು ಪಾರ್ಟೂ ಕಾಣಲ್ಲ. "ನಮ್ಮ ಸರ್ಕ್ಯೂಟ್ ಯಾರೂ ಕಾಪಿ ಮಾಡಬಾರದು ಅಂತ ಸರ್. ಕ್ಲಾನ್ ಸೆಂಟಾರಲ್ಲೂ ಹೀಗೇ ಅಲ್ವಾ?" ಕ್ಲಾನಲ್ಲಿ ಎಪಾಕ್ಸಿ ಇದ್ದದ್ದು ನಿಜ. 1994ರಲ್ಲಿ ಬಂದ ಪೆಡಲ್ ಅದು, ಹಳೇದು ಇವತ್ತು ಲಕ್ಷಗಟ್ಟಲೆಗೆ ಮಾರಾಟವಾಗುತ್ತೆ. ಆದ್ರೆ ಕ್ಲಾನ್ ಮಾಡಿದವರದ್ದು ಸ್ವಂತ ಸರ್ಕ್ಯೂಟ್, ಮುಚ್ಚಿಡೋಕೆ ಏನೋ ಇತ್ತು. ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟ್ ಇಡೀ ಜಗತ್ತಿಗೇ ಗೊತ್ತು, ಯಾವ ರೆಸಿಸ್ಟರ್ ಎಷ್ಟು ಅಂತ ಕಾಲೇಜು ಹುಡುಗರೂ ಬಾಯಿಪಾಠ ಹೇಳ್ತಾರೆ. 808 ಅಂತ ನೀನೇ ಹೇಳ್ಕೊಂಡು ಮಾರೋವಾಗ ಗುಟ್ಟು ಯಾವುದಯ್ಯಾ? ಈ ಪ್ರಶ್ನೆ ಅವತ್ತೇ ಕೇಳಿದೆ. "ಕೆಲವು ಮಾಡ್ಸ್ ಇದಾವೆ ಸರ್" ಅಂದ. ಯಾವ ಮಾಡ್ಸ್, ಏನು ಬದಲಾಯಿಸಿದ್ದೀಯ ಅಂದ್ರೆ ನಕ್ಕ. ಆದ್ರೂ ತಗೊಂಡೆ.

ನಮ್ಮ ಬಡಾವಣೆಯ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಆರ್ಕೆಸ್ಟ್ರಾ ಜೊತೆ ಬಾರಿಸೋದಿತ್ತು. ಮನೆಯಲ್ಲಿ ಸಣ್ಣ ವಾಲ್ಯೂಮಲ್ಲಿ ಅಷ್ಟು ಗೊತ್ತಾಗಿರಲಿಲ್ಲ. ಸ್ಟೇಜ್ ಮೇಲೆ ಆಂಪ್ ಏರಿಸಿ, ಸೋಲೋ ಬಂದಾಗ ಪೆಡಲ್ ಒತ್ತಿದೆ. ಗಿಟಾರ್ ಮುಂದೆ ಬರೋ ಬದಲು ಹಿಂದೆ ಹೋಯ್ತು. ಎಷ್ಟು ಜೋರಾಗಿ ಮೀಟಿದ್ರೂ ಅಷ್ಟೇ ಸೌಂಡ್, ಯಾರೋ ತಂತಿ ಮೇಲೆ ಕಂಬಳಿ ಹೊದಿಸಿದ ಹಾಗೆ. ಲೆವೆಲ್ ಕಡೆಯವರೆಗೂ ತಿರುಗಿಸಿದೆ, ಏನೂ ಇಲ್ಲ. ಕೀಬೋರ್ಡಿನವನು ತಿರುಗಿ ನೋಡಿದ. ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ಮನೆಯವರಿಗೂ ಗೊತ್ತಾಯ್ತು. ಪೆಡಲ್ ಆಫ್ ಮಾಡಿ, ಅರ್ಧ ಸೋಲೋ ಬರೀ ಆಂಪಲ್ಲೇ ಮುಗಿಸಿದೆ. ಎಂಟೂವರೆ ಸಾವಿರದ ಪೆಡಲ್ ಹಾಕಿದ್ರೆ ಸೌಂಡ್ ಕಮ್ಮಿಯಾಗುತ್ತೆ ಅಂದ್ರೆ ಏನು ಹೇಳೋದು. ಅವತ್ತು ಅಲ್ಲಿದ್ದವರ ಮುಖ ನೋಡೋಕೆ ಆಗದೆ ಊಟಕ್ಕೂ ನಿಲ್ಲದೆ ಬಂದುಬಿಟ್ಟೆ.

ರಾತ್ರಿನೇ ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನ ಹಾಗೇ ಕೊಡ್ತಿದ್ದೀನಿ, ನೀವೇ ನೋಡಿ.

"ಸರ್ ಅದು ಟ್ರಾನ್ಸ್‌ಪರೆಂಟ್ ಡ್ರೈವ್, ವಾಲ್ಯೂಮ್ ಜಂಪ್ ಇರಲ್ಲ, ಅದೇ ಅದರ ಕ್ಲಾಸ್."

808ರಲ್ಲಿ ಟ್ರಾನ್ಸ್‌ಪರೆಂಟ್ (ಗಿಟಾರಿನ ಮೂಲ ಸ್ವರ ಬದಲಿಸದ್ದು) ಎಲ್ಲಿಂದ ಬಂತು, ಅದು ಮಿಡ್ಡಿಗೇ ಹೆಸರುವಾಸಿ ಅಂದೆ.

"ಹಾಗಾದ್ರೆ ನಿಮ್ಮ ಆಂಪಲ್ಲಿ ವಾಲ್ವ್ ಹೋಗಿರುತ್ತೆ. ಮೊದಲನೇ 12ಎಎಕ್ಸ್7 ಚೇಂಜ್ ಮಾಡಿ, ಆಮೇಲೆ ಮಾತಾಡಿ."

ಹೊಸ ವಾಲ್ವ್ ತಂದು ಹಾಕಿದೆ. ಅದಕ್ಕೆ ಬೇರೆ ದುಡ್ಡು. ಒಂದು ಚೂರೂ ವ್ಯತ್ಯಾಸ ಇಲ್ಲ. ಆಂಪ್ ಮೊದಲೂ ಸರಿ ಇತ್ತು, ಈಗಲೂ ಸರಿ ಇದೆ.

"9 ವೋಲ್ಟಲ್ಲಿ ಹೆಡ್‌ರೂಮ್ ಸಾಲ್ತಿಲ್ಲ ಅನ್ಸುತ್ತೆ ಸರ್, 18 ವೋಲ್ಟ್ ಅಡಾಪ್ಟರ್ ಹಾಕಿ ನೋಡಿ."

ಈ ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಹೇಳ್ತೀನಿ.

"ಟೋನ್ ಅನ್ನೋದು ಬೆರಳಲ್ಲಿರುತ್ತೆ ಸರ್."

ಇದನ್ನ ಓದಿದಾಗ ಮೈಯೆಲ್ಲ ಉರಿದುಹೋಯ್ತು. ದುಡ್ಡು ವಾಪಸ್ ಕೊಡು, ಪೆಡಲ್ ತಂದು ಕೊಡ್ತೀನಿ ಅಂದೆ. "ಯೂಸ್ ಮಾಡಿದ ಐಟಂ ವಾಪಸ್ ತಗೊಳ್ಳಲ್ಲ." ಸರಿ, ಬಿಲ್ಲಾದ್ರೂ ಕೊಡು ಅಂದೆ. ಉತ್ತರ ಇಲ್ಲ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಲ್ಲಿ ನನಗೆ ಪರಿಚಯದ ಒಬ್ಬ ರಿಪೇರಿಯವರಿದ್ದಾರೆ, ಅವರ ಹತ್ತಿರ ತಗೊಂಡು ಹೋದೆ. ಬಿಸಿಗಾಳಿ ಬಿಟ್ಟು ಎಪಾಕ್ಸಿ ಮೆತ್ತಗೆ ಮಾಡಿ ಬ್ಲೇಡಲ್ಲಿ ಚೂರು ಚೂರೇ ಎಬ್ಬಿಸಿದ್ರು. ಒಳಗೆ ಬೆರಳುಗಲದ ಒಂದು ರೆಡಿಮೇಡ್ ಪ್ರಿಂಟೆಡ್ ಬೋರ್ಡು. ಕೈಯಲ್ಲಿ ಬೆಸೆದದ್ದು ಅಂದ್ರೆ ಜ್ಯಾಕಿಗೂ ಸ್ವಿಚ್ಚಿಗೂ ಹೋಗೋ ವೈರು ಮಾತ್ರ. ಮಧ್ಯದಲ್ಲಿ ಎಂಟು ಕಾಲಿನ ಒಂದು ಐಸಿ (ಚಿಪ್). ಅದರ ಮೇಲಿನ ಎಪಾಕ್ಸಿ ಕೆರೆದು ಲೆನ್ಸ್ ಹಿಡಿದ್ರು: 741. ಟ್ಯೂಬ್ ಸ್ಕ್ರೀಮರಲ್ಲಿರೋದು 4558, ಒಂದೇ ಐಸಿಯಲ್ಲಿ ಎರಡು ಆಪ್‌ಆಂಪ್ (ಸಿಗ್ನಲ್ ಏರಿಸೋ ಘಟಕ). 741ರಲ್ಲಿ ಇರೋದು ಒಂದೇ. ಅಂದ್ರೆ 808ರ ಸರ್ಕ್ಯೂಟ್ ಅದರಲ್ಲಿ ಆಗೋಕೆ ಸಾಧ್ಯವೇ ಇಲ್ಲ. 741 ಹತ್ತಿಪ್ಪತ್ತು ರೂಪಾಯಿಗೆ ಅದೇ ರಸ್ತೆಯಲ್ಲಿ ಸಿಗುತ್ತೆ.

ಪಕ್ಕದಲ್ಲಿ ಗಾಜಿನ ಎರಡು ಜರ್ಮೇನಿಯಂ ಡಯೋಡು (ಸಿಗ್ನಲ್ ಕತ್ತರಿಸಿ ಒರಟಾಗಿಸೋ ಪಾರ್ಟು), ನೇರ ಗ್ರೌಂಡಿಗೆ. ಇದು ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಜಾತಿಯ ಸರ್ಕ್ಯೂಟ್ ಅಂದ್ರು. ಆ ಪೆಡಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದಕ್ಕೆ ಅದರದೇ ಅಭಿಮಾನಿಗಳಿದ್ದಾರೆ. ಆದ್ರೆ ಅದು ಮಾಡೋ ಕೆಲಸವೇ ಬೇರೆ. ಟ್ಯೂಬ್ ಸ್ಕ್ರೀಮರಲ್ಲಿ ಡಯೋಡು ಆಪ್‌ಆಂಪಿನ ಫೀಡ್‌ಬ್ಯಾಕಲ್ಲಿ (ಔಟ್‌ಪುಟ್ಟಿಂದ ಇನ್‌ಪುಟ್ಟಿಗೆ ಮರಳೋ ದಾರಿಯಲ್ಲಿ) ಕೂತಿರುತ್ತೆ, ಹಾಗಾಗಿ ಮೂಲ ಸಿಗ್ನಲ್ ಯಾವಾಗಲೂ ಜೊತೆಗೆ ಬರುತ್ತೆ, ಜೋರಾಗಿ ಮೀಟಿದ್ರೆ ಜೋರಾಗಿ ಕೇಳಿಸುತ್ತೆ. ಡ್ರೈವ್ ಪೂರ್ತಿ ಇಳಿಸಿದ್ರೂ ಹತ್ತು ಹನ್ನೆರಡು ಪಟ್ಟು ಗೇನ್ ಇರುತ್ತೆ. ಇವನ ಪೆಡಲಲ್ಲಿ ಜರ್ಮೇನಿಯಂ ಡಯೋಡು ಸುಮಾರು 0.3 ವೋಲ್ಟಿಗೇ ಸಿಗ್ನಲ್ಲನ್ನ ಕತ್ತರಿಸಿ ಹಾಕುತ್ತೆ, ಅದರ ಮುಂದೆ ಅದನ್ನ ಏರಿಸೋಕೆ ಇನ್ನೊಂದು ಸ್ಟೇಜೇ ಇಲ್ಲ. ನನ್ನ ಹಂಬಕರ್ (ಜೋರು ಸಿಗ್ನಲ್ ಕೊಡೋ ಪಿಕಪ್) ಗಿಟಾರ್ ಜೋರಾಗಿ ಮೀಟಿದಾಗ ಅದಕ್ಕಿಂತ ಜಾಸ್ತಿ ಕೊಡುತ್ತೆ. ಸ್ಟೇಜ್ ಮೇಲೆ ಸೌಂಡ್ ಯಾಕೆ ಹಿಂದೆ ಹೋಯ್ತು ಅನ್ನೋದಕ್ಕೆ ಇಷ್ಟೇ ಉತ್ತರ. ವಾಲ್ವೂ ಸರಿ ಇತ್ತು, ಬೆರಳೂ ಸರಿ ಇತ್ತು.

ಇನ್ನೊಂದು. ಅದರಲ್ಲಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ 16 ವೋಲ್ಟ್ ಅಂತ ಬರೆದಿತ್ತು. ಪವರ್ ಬರೋ ಜಾಗದಲ್ಲೇ ಕೂರಿಸಿದ್ದ. ಅದಕ್ಕೆ 18 ವೋಲ್ಟ್ ಹಾಕಿ ಅಂತ ನನಗೆ ಹೇಳಿದ್ದ ಇವನು! ಮನೆಯಲ್ಲಿ ಆ ಅಡಾಪ್ಟರ್ ಇರಲಿಲ್ಲ, ಅದಕ್ಕೆ ಉಳೀತು. ಹಾಕಿ ಸುಟ್ಟಿದ್ರೆ "ನೀವೇ ಸುಟ್ಟಿದ್ದೀರ" ಅಂತಿದ್ದ. ಬೇಕಂತಲೇ ಹೇಳಿದ್ದು ಅಂತ ಈಗ ಅನ್ನಿಸ್ತಿದೆ.

ಫೋಟೋ ಕಳಿಸಿದೆ. 741 ಅನ್ನೋ ನಂಬರ್ ಕಾಣೋ ಹಾಗೆ ಹತ್ತಿರದಿಂದ ತೆಗೆದದ್ದು. ಬಂದ ಉತ್ತರ: "ಎಪಾಕ್ಸಿ ತೆಗೆದಿದ್ದೀರ, ವಾರಂಟಿ ಹೋಯ್ತು ಸರ್." ವಾರಂಟಿ ಅನ್ನೋ ಪದ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಮಾರೋವಾಗ ಇರಲಿಲ್ಲ, ಬಿಲ್ ಕೇಳಿದಾಗ ಇರಲಿಲ್ಲ, ಸಿಕ್ಕಿಬಿದ್ದಾಗ ಇದೆ. ಅದಾದ ಮೇಲೆ ಬ್ಲಾಕ್ ಮಾಡಿದ.

ಕಡಿಮೆ ಬಜೆಟ್ಟಿನವರಿಗೆ ನಾನು ಹೇಳೋದು ಇಷ್ಟು. ಬಾಸ್ (Boss) ಕಂಪನಿಯ ಎಸ್‌ಡಿ-1 ಓವರ್‌ಡ್ರೈವ್ ತಗೊಳ್ಳಿ. 1981ರಿಂದ ಬರ್ತಿದೆ, ನಾನು ಕೊಟ್ಟ ದುಡ್ಡಿಗಿಂತ ಕಡಿಮೆಗೆ ಹೊಸದೇ ಬಿಲ್ ಸಮೇತ ಸಿಗುತ್ತೆ, ವಾಲ್ವ್ ಆಂಪನ್ನ ತಳ್ಳೋ ಕೆಲಸ ಅಚ್ಚುಕಟ್ಟಾಗಿ ಮಾಡುತ್ತೆ. ಅದಕ್ಕೂ ಕಮ್ಮಿ ಬೇಕಂದ್ರೆ ಜೋಯೋ ವಿಂಟೇಜ್ ಓವರ್‌ಡ್ರೈವ್ ಇದೆ, 808 ಧಾಟಿಯದ್ದೇ, ಒಳಗೇನಿದೆ ಅಂತ ಯಾರೂ ಮುಚ್ಚಿಡಲ್ಲ. ಯಾವುದೇ ತಗೊಂಡ್ರೂ ವಾಲ್ವ್ ಆಂಪಲ್ಲೇ ಕೇಳಿ. ಆಂಪ್ ಕ್ಲೀನ್ ಇರಲಿ, ಪೆಡಲ್ ಡ್ರೈವ್ ಸೊನ್ನೆ, ಲೆವೆಲ್ ಫುಲ್, ಜೋರಾಗಿ ಮೀಟಿ. ಸೌಂಡ್ ಮುಂದಕ್ಕೆ ನುಗ್ಗಬೇಕು. ನುಗ್ಗಲಿಲ್ಲ ಅಂದ್ರೆ ಮಾರೋನ ಮಾತು ಕೇಳ್ತಾ ನಿಲ್ಲಬೇಡಿ, ಎದ್ದು ಬನ್ನಿ. ಬೆಂಗಳೂರಲ್ಲಿ ಪ್ರಾಮಾಣಿಕವಾಗಿ ಕೈಯಲ್ಲೇ ಪೆಡಲ್ ಕಟ್ಟೋ ಹುಡುಗರೂ ಇದ್ದಾರೆ, ಅವರು ಮುಚ್ಚಳ ತೆಗೆದು ಒಂದೊಂದು ಬೆಸುಗೆನೂ ಹೆಮ್ಮೆಯಿಂದ ತೋರಿಸ್ತಾರೆ. ಇವನಂಥವರಿಂದ ಅವರ ಹೆಸರೂ ಹಾಳು.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಬಿಲ್ ಇಲ್ಲ, ಆದ್ರೆ ದುಡ್ಡು ಹಾಕಿದ ದಾಖಲೆ, ಚಾಟ್, "ಒರಿಜಿನಲ್ 4558" ಅಂತ ಅವನೇ ಬರೆದ ಜಾಹೀರಾತಿನ ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೋ ಎಲ್ಲ ಇಟ್ಟಿದ್ದೀನಿ. ಹಸಿರೋ ಕೆನೆಯೋ, ಒಳಗೆ ಕಪ್ಪು ಎಪಾಕ್ಸಿ ತುಂಬಿದ "808" ಯಾರಾದ್ರೂ ತಗೊಂಡಿದ್ರೆ ಮೊದಲು ಅವನ ಜೊತೆಗಿನ ಚಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ನನಗೆ ತಿಳಿಸಿ. ನಾಲ್ಕು ಜನ ಒಟ್ಟಿಗೆ ದೂರು ಕೊಟ್ರೆ ಅವನು ಎಲ್ಲರನ್ನೂ ಬ್ಲಾಕ್ ಮಾಡಿ ತಪ್ಪಿಸ್ಕೊಳ್ಳೋಕೆ ಆಗಲ್ಲ.