ಇಡ್ಲಿಗಿಂತ ವಡೆ ವಾಸಿಯೇ? ದಸರಾ ರಜೆಯಲ್ಲಿ ಚುಚ್ಚಿ ನೋಡಿದ್ದು

ನಮ್ಮನೆಯಲ್ಲಿ ಇಡ್ಲಿಗಿರುವ ಮರ್ಯಾದೆ ಬೇರೆ ಯಾವ ತಿಂಡಿಗೂ ಇಲ್ಲ. ಜ್ವರ ಬಂದರೆ ಇಡ್ಲಿ, ಹೊಟ್ಟೆ ಕೆಟ್ಟರೆ ಇಡ್ಲಿ, ರೈಲು ಹತ್ತುವವರ ಡಬ್ಬಿಯಲ್ಲೂ ಇಡ್ಲಿ. ಆರು ವರ್ಷದ ಹಿಂದೆ ನನಗೆ ಶುಗರ್ ಇದೆ ಅಂತ ಗೊತ್ತಾದ ದಿನ ಅತ್ತೆ ಹೇಳಿದ್ದೂ ಅದನ್ನೇ: "ಹೋಟೆಲಿಗೆ ಹೋದ್ರೆ ಎಣ್ಣೆ ತಿಂಡಿ ಮುಟ್ಬೇಡ ಕಣಮ್ಮ. ಎರಡು ಇಡ್ಲಿ ತಿಂದು ಬಾ, ಅದೇನೂ ಮಾಡಲ್ಲ."

ಆರು ವರ್ಷ ಹಾಗೇ ನಡೆದುಕೊಂಡೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ನಾಲ್ಕೈದು ಜನ ಟೀಚರ್‌ಗಳು ಹೋಟೆಲಿಗೆ ಹೋದರೆ ಮಿಕ್ಕವರ ಮುಂದೆ ಮಸಾಲೆ ದೋಸೆ ಗರಿಗರಿ ಸದ್ದು ಮಾಡುತ್ತಿರುತ್ತಿತ್ತು, ನನ್ನ ಮುಂದೆ ಬೆಳ್ಳಗೆ ಎರಡು ಇಡ್ಲಿ ಸನ್ಯಾಸಿಗಳ ಹಾಗೆ ಕೂತಿರುತ್ತಿದ್ದವು. ಆದರೂ ಎಚ್‌ಬಿಎ1ಸಿ 7.6ರಿಂದ ಕೆಳಗಿಳಿಯಲೇ ಇಲ್ಲ. 7.6 ಅಂದರೆ ಮೂರು ತಿಂಗಳ ಸರಾಸರಿ ಸುಮಾರು 171. ಬೆಳಗಿನ ಫಾಸ್ಟಿಂಗ್ ನೋಡಿದರೆ 115, 120. ಹಾಗಾದರೆ ಸರಾಸರಿಯನ್ನು ಮೇಲೆತ್ತುತ್ತಿರುವವರು ಯಾರು? ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: "ತಿಂಡಿ ತಿಂದ ಒಂದು ಗಂಟೆಗೆ ಯಾವತ್ತಾದರೂ ನೋಡಿದ್ದೀರಾ?" ನೋಡಿರಲಿಲ್ಲ. ಲ್ಯಾಬಿನವರು ಎರಡು ಗಂಟೆಗೆ ಬನ್ನಿ ಅನ್ನುತ್ತಾರೆ, ನಾವೂ ಎರಡು ಗಂಟೆಗೇ ಹೋಗುತ್ತೇವೆ.

ದಸರಾ ರಜೆ ಬಂತು. ಮೈಸೂರಿನಲ್ಲಿ ಆ ದಿನಗಳಲ್ಲಿ ಹೋಟೆಲಿನಲ್ಲಿ ಜಾಗ ಸಿಗುವುದೇ ಪುಣ್ಯ. ಟೋಕನ್ ಹಿಡಿದು ಪ್ರವಾಸಿಗರ ಬೆನ್ನ ಹಿಂದೆ ನಿಲ್ಲಬೇಕು. ನಾನು ಬೆಳಿಗ್ಗೆ ಏಳಕ್ಕೇ ಹೋಗಿಬಿಡುತ್ತಿದ್ದೆ. ನಿಯಮ ಹೀಗಿಟ್ಟುಕೊಂಡಿದ್ದೆ: ಯಾವಾಗಲೂ ಒಂದೇ ಹೋಟೆಲು, ಖಾಲಿ ಹೊಟ್ಟೆ, ಮೆಟ್‌ಫಾರ್ಮಿನ್ ಮಾತ್ರೆ ಎಂದಿನ ಹಾಗೆ. ಕಾಫಿ ಇಲ್ಲ. (ಇದೇ ಎಲ್ಲಕ್ಕಿಂತ ದೊಡ್ಡ ತ್ಯಾಗ.) ಮೊದಲ ತುತ್ತಿನಿಂದ ಗಡಿಯಾರ ಶುರು. ತಿಂದ ಮೇಲೆ ಸ್ಕೂಟರಿನಲ್ಲಿ ಮನೆಗೆ ಬಂದು ಸುಮ್ಮನೆ ಕೂರುವುದು; ಒಂದು, ಎರಡು, ಮೂರು ಗಂಟೆಗೆ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ಶುಗರ್ ನೋಡುವುದು. ಒಂದೊಂದು ತಿಂಡಿಗೂ ಬೇರೆ ಬೇರೆ ದಿನ ಎರಡು ಸಲ. ರಜೆ ಸಾಲದೆ ಆಮೇಲಿನ ಭಾನುವಾರಗಳೂ ಬೇಕಾದವು. ಸ್ಟ್ರಿಪ್ಪಿನ ಖರ್ಚು ನೋಡಿ ನಮ್ಮೆಜಮಾನರು, "ತಿಂಡಿಗಿಂತ ಚುಚ್ಚೋದೇ ದುಬಾರಿ ಆಯ್ತಲ್ಲೇ" ಅಂದರು. ಲೆಕ್ಕ ಹಾಕಿದರೆ ನಿಜವೇ.

ಮೀಟರ್ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಮನೆಯ ಮೀಟರ್‌ಗಳಿಗೆಂದು ಇರುವ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ರೀಡಿಂಗ್ ಶೇಕಡಾ 15ರಷ್ಟು ಆಚೀಚೆ ಇರಲು ಬಿಡುತ್ತದೆ. 200 ಅಂತ ತೋರಿಸಿದರೆ ಅದು 170 ಇರಬಹುದು, 230ಊ ಇರಬಹುದು. ಹಾಗಾಗಿ ಹತ್ತು ಹದಿನೈದರ ವ್ಯತ್ಯಾಸವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಗುರಿಯಾಗಿ ಇಟ್ಟುಕೊಂಡಿದ್ದು ಶುಗರ್ ಇರುವ ಹೆಚ್ಚಿನವರಿಗೆ ಹೇಳುವ ಗಡಿಯನ್ನೇ: ಊಟವಾದ ಒಂದೆರಡು ಗಂಟೆಯೊಳಗಿನ ಅತಿ ಹೆಚ್ಚಿನ ಮಟ್ಟ 180ರ ಒಳಗಿರಬೇಕು.

ಮೊದಲು ಇಡ್ಲಿಯೇ. ಎರಡು ಇಡ್ಲಿ, ಚಟ್ನಿ, ಸಾಂಬಾರು. ಶುರುವಿನಲ್ಲಿ 118. ಒಂದು ಗಂಟೆಗೆ 209. ಮೀಟರನ್ನು ಕೊಡವಿ ನೋಡಿದೆ, ಏನೋ ಕೊಡವಿದರೆ ಇಳಿಯುತ್ತದೆ ಅನ್ನುವ ಹಾಗೆ. ಎರಡು ಗಂಟೆಗೆ 166, ಮೂರಕ್ಕೆ 127. ಎರಡನೇ ದಿನ ಒಂದು ಗಂಟೆಗೆ 204. ಅಲ್ಲಿಗೆ ಆರು ವರ್ಷದ ನನ್ನ ಸನ್ಯಾಸ ಮುಗಿಯಿತು.

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಅಕ್ಕಿಯನ್ನು ನೆನೆಸಿ, ರುಬ್ಬಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸಿ ಹೂವಿನ ಹಾಗೆ ಮಾಡಿರುತ್ತೇವೆ. ಹಲ್ಲಿಗೂ ಕೆಲಸವಿಲ್ಲ, ಹೊಟ್ಟೆಗೂ ಇಲ್ಲ. ಜ್ವರದವರಿಗೆ ಬೇಕಾದ ಗುಣವೇ ಅದು, ಸುಲಭವಾಗಿ ಜೀರ್ಣವಾಗುವುದು. ಶುಗರ್ ಇರುವವರಿಗೆ ಬೇಡದ ಗುಣವೂ ಅದೇ. ಇನ್ನೊಂದು ವಿಷಯ ಪಾರ್ಸಲ್ ತಂದು ತೂಗಿದಾಗ ತಿಳಿಯಿತು: ಈ ಹೋಟೆಲಿನ ಒಂದು ಇಡ್ಲಿ 75 ಗ್ರಾಂ.

ಸಾಂಬಾರಿನ ಮೇಲೂ ಅನುಮಾನವಿತ್ತು. ನಮ್ಮ ಕಡೆ ಹೋಟೆಲಿನ ಸಾಂಬಾರಿಗೆ ಬೆಲ್ಲ ಬೀಳದೆ ಇರುವುದಿಲ್ಲ, ಇಡ್ಲಿಯನ್ನು ಅದರಲ್ಲಿ ಮುಳುಗಿಸಿ ಕೊಡುವ ಡಿಪ್ ಪದ್ಧತಿ ಬೇರೆ. ಬರೀ ಚಟ್ನಿಯಲ್ಲಿ ಅವೇ ಎರಡು ಇಡ್ಲಿ ತಿಂದೆ. ಒಂದು ಗಂಟೆಗೆ 196. ಹತ್ತು ಹದಿನೈದರ ವ್ಯತ್ಯಾಸ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿದ್ದೇನಲ್ಲ, ಸಾಂಬಾರಿಗೆ ಶಿಕ್ಷೆ ಕೊಡುವಷ್ಟು ಸಾಕ್ಷಿ ಸಿಗಲಿಲ್ಲ.

ಇಲ್ಲೊಂದು ಎಡವಟ್ಟು ಹೇಳಲೇಬೇಕು. ಆಯುಧಪೂಜೆಯ ದಿನ ಎದುರು ಮನೆಯ ಹುಡುಗನಿಗೆ ಜಿಲೇಬಿ ಮುರಿದು ಕೊಟ್ಟೆ. ನಾನು ತಿನ್ನಲಿಲ್ಲ, ದೇವರಾಣೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡನೇ ಗಂಟೆಯ ರೀಡಿಂಗ್‌ಗೆ ಅದೇ ಬೆರಳು ಚುಚ್ಚಿದೆ. ಮೀಟರಿನಲ್ಲಿ 274! ಎದೆ ಧಸಕ್ಕೆಂದಿತು. ಆಮೇಲೆ ಬುದ್ಧಿ ಬಂದು, ಸೋಪು ಹಚ್ಚಿ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದರೆ 162. ಬೆರಳಿನ ಮೇಲೆ ಕಣ್ಣಿಗೆ ಕಾಣದಷ್ಟು ಪಾಕ ಉಳಿದರೂ ಸಾಕು, ಆ ಸಣ್ಣ ಹನಿ ರಕ್ತದಲ್ಲಿ ಅದೇ ದೊಡ್ಡದಾಗುತ್ತದೆ. ಬಾಳೆಹಣ್ಣು ಸುಲಿದ ಕೈಯದೂ ಇದೇ ಕಥೆ.

ಇನ್ನು ಉದ್ದಿನ ವಡೆ. ಎರಡು ವಡೆ, ಚಟ್ನಿ. ಶುರುವಿನಲ್ಲಿ 116, ಒಂದು ಗಂಟೆಗೆ 149, ಎರಡಕ್ಕೆ 157, ಮೂರಕ್ಕೆ 140. ಎಲ್ಲೂ 180ರ ಹತ್ತಿರಕ್ಕೂ ಹೋಗಲಿಲ್ಲ. ಉದ್ದಿನಬೇಳೆಯ ತೂಕದಲ್ಲಿ ಕಾಲು ಭಾಗದಷ್ಟು ಪ್ರೋಟೀನೇ, ಜೊತೆಗೆ ನಾರು. ಮೇಲಿಂದ ಎಣ್ಣೆ ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತದೆ. ಆರು ವರ್ಷ ಕಣ್ಣೆತ್ತಿಯೂ ನೋಡದ ವಡೆ ಶುಗರ್ ಲೆಕ್ಕದಲ್ಲಿ ಇಡ್ಲಿಯನ್ನು ಸಲೀಸಾಗಿ ಸೋಲಿಸಿತು.

ಹಾಗಂತ ನಾಳೆಯಿಂದ ವಡೆಯೇ ತಿಂಡಿ ಅಂತ ಯಾರೂ ಹೊರಡಬೇಡಿ. ಗ್ಲೂಕೋಮೀಟರ್‌ಗೆ ಎಣ್ಣೆ ಕಾಣುವುದಿಲ್ಲ. ಟ್ರೈಗ್ಲಿಸರೈಡು ಅನ್ನುವ ರಕ್ತದ ಕೊಬ್ಬು, ತೂಕ, ಹೃದಯ ಇದ್ಯಾವುದನ್ನೂ ಅದು ಹೇಳುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಎಷ್ಟನೇ ಸಲ ಕಾಯುತ್ತಿದೆ ಅನ್ನುವುದನ್ನಂತೂ ಹೇಳುವುದೇ ಇಲ್ಲ. ಕರಿದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಅನ್ನುವ ಕೆಟ್ಟ ಅಂಶಗಳು ಶೇಕಡಾ 25 ಮೀರಿದರೆ ಅದನ್ನು ಬಳಸುವ ಹಾಗಿಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಇದೆ. ಗಿರಾಕಿಯಾಗಿ ಕೌಂಟರಿನ ಈಚೆ ನಿಂತವರು ಅಳೆಯುವುದಾದರೂ ಹೇಗೆ? ನಾನು ವಡೆಯ ಬಣ್ಣ ನೋಡುತ್ತೇನೆ, ಬೆಳಗಿನ ಮೊದಲ ಬಾಣಲೆಯದ್ದೇ ಆಗುವ ಹಾಗೆ ಬೇಗ ಹೋಗುತ್ತೇನೆ, ಅಷ್ಟೇ.

ಮಸಾಲೆ ದೋಸೆಗೆ ಬರೋಣ. ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು ಅಂದರೂ ತಪ್ಪಿಲ್ಲ. ಒಳಗೆ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು, ಮಡಿಚಿ, ಮೇಲೊಂದು ಉಂಡೆ ಬೆಣ್ಣೆ. ಆರು ವರ್ಷದ ನಂತರದ ಮೊದಲ ತುತ್ತು. ಕಣ್ಣಲ್ಲಿ ನೀರು ಬಂತು ಅಂದರೆ ನಗುತ್ತೀರಿ, ಖಾರಕ್ಕೆ ಅಂದುಕೊಳ್ಳಿ. ಶುರುವಿನಲ್ಲಿ 114. ಒಂದು ಗಂಟೆಗೆ 174. ಅರೆ, ಇಡ್ಲಿಗಿಂತ ಕಡಿಮೆ! ಫೋನು ಎತ್ತಿ ಸಹೋದ್ಯೋಗಿಗೆ ಸುದ್ದಿ ಕೊಟ್ಟೂ ಆಯಿತು. ಎರಡು ಗಂಟೆಗೆ 201. ಮೂರಕ್ಕೆ 178. ನಾಲ್ಕನೇ ಗಂಟೆಗೆ ಇನ್ನೊಂದು ಸ್ಟ್ರಿಪ್ ಹಾಕಿದೆ, ಆಗಲೂ 151. ಊಟದ ಹೊತ್ತಾದರೂ ತಿಂಡಿ ಇನ್ನೂ ಇಳಿದಿರಲಿಲ್ಲ.

ಅಕ್ಕಿಯ ಹಿಟ್ಟಿನ ಮೇಲೆ ಆಲೂಗಡ್ಡೆ, ಎರಡೂ ಪಿಷ್ಟವೇ. ಬೆಣ್ಣೆ ಅದನ್ನು ತಡೆದು ನಿಲ್ಲಿಸುತ್ತದೆ, ಮನ್ನಾ ಮಾಡುವುದಿಲ್ಲ. ಕಂತಿನ ಮೇಲೆ ವಸೂಲಿ. ನನಗೆ ಈ ಇಡೀ ಪ್ರಯೋಗದಲ್ಲಿ ಹೊಳೆದ ಮುಖ್ಯ ಸಂಗತಿ ಇದೇ: ಒಂದು ಗಂಟೆಗೆ ಮಾತ್ರ ಚುಚ್ಚಿದ್ದರೆ ಇಡ್ಲಿ ಕೆಟ್ಟದ್ದು, ದೋಸೆ ಒಳ್ಳೆಯದು. ಎರಡು ಗಂಟೆಗೆ ಮಾತ್ರ ಚುಚ್ಚಿದ್ದರೆ ಇಡ್ಲಿ ಒಳ್ಳೆಯದು, ದೋಸೆ ಕೆಟ್ಟದ್ದು. ಲ್ಯಾಬಿನ ಪಿಪಿ (ತಿಂದ ಎರಡು ಗಂಟೆಗೆ ನೋಡುವ) ರಿಪೋರ್ಟಿನಲ್ಲಿ ನನ್ನ ಇಡ್ಲಿ ಆರು ವರ್ಷ ಸಿಕ್ಕಿಬೀಳದೆ ಇದ್ದದ್ದು ಹೀಗೆ.

ಪೂರಿ ಸಾಗು ಇದೇ ಜಾತಿ, ಇನ್ನೂ ಹಟಮಾರಿ: ಎರಡು ಗಂಟೆಗೆ 213, ಮೂರಕ್ಕೆ 188. ಎರಡನೇ ಸಲ ಪ್ರಯತ್ನಿಸಲು ನನಗೇ ಮನಸ್ಸಾಗಲಿಲ್ಲ. ಖಾರಾಬಾತ್ 198, ಇಡ್ಲಿಯ ತಮ್ಮ. ಪೊಂಗಲ್‌ನಲ್ಲಿ ಹೆಸರುಬೇಳೆ ಇದೆ ಅಂತ ನಂಬಿಕೆಯಿಟ್ಟಿದ್ದೆ. ಹೋಟೆಲಿನ ಪೊಂಗಲ್‌ನಲ್ಲಿ ಬೇಳೆಯನ್ನು ಹುಡುಕಬೇಕು, ತುಪ್ಪ ತಾನಾಗಿಯೇ ಸಿಗುತ್ತದೆ. 186, 190. ರವೆ ಇಡ್ಲಿ ಪರವಾಗಿಲ್ಲ ಅನ್ನಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ಕಂಡುಹಿಡಿದ ತಿಂಡಿ ಇದು. ಮೊಸರು, ಗೋಡಂಬಿ, ಒಗ್ಗರಣೆ ಎಲ್ಲ ಇದೆ. ತಟ್ಟೆಗೆ ಒಂದೇ ಬಂದದ್ದರಿಂದಲೋ ಏನೋ 183ಕ್ಕೆ ನಿಂತಿತು.

ಹೆಚ್ಚು ಮೋಸ ಹೋದದ್ದು ರಾಗಿ ದೋಸೆಯಲ್ಲಿ. ಮೆನುವಿನಲ್ಲಿ ಹಸಿರು ಎಲೆಯ ಚಿತ್ರ, ಬೆಲೆಯೂ ಹದಿನೈದು ರೂಪಾಯಿ ಜಾಸ್ತಿ. ಒಂದು ಗಂಟೆಗೆ 203. ಎರಡನೇ ಸಲ 207. ದೋಸೆ ಹುಯ್ಯುವವರನ್ನೇ ಕೇಳಿದೆ, "ಏನಪ್ಪಾ, ಇದರಲ್ಲಿ ರಾಗಿ ಎಷ್ಟು ಹಾಕ್ತೀರಿ?" ಆತ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ನನ್ನ ಕಡೆ ತಿರುಗದೆಯೇ ಹೇಳಿದ: "ಬಣ್ಣಕ್ಕಾಗೋಷ್ಟು ಮೇಡಂ." ಪಾಪ, ಸುಳ್ಳು ಹೇಳಲಿಲ್ಲ. ಪೂರ್ತಿ ರಾಗಿಯೇ ಇದ್ದರೂ ನುಣ್ಣಗೆ ಬೀಸಿದ ಹಿಟ್ಟು ಹಿಟ್ಟೇ. ರಾಗಿ ಅಂದ ಕೂಡಲೇ ಶುಗರ್ ಕೈಮುಗಿದು ನಿಲ್ಲುವುದಿಲ್ಲ.

ಸಂಜೆಯ ಗೋಬಿ ಮಂಚೂರಿಯನ್ನು ಈ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ, ಖಾಲಿ ಹೊಟ್ಟೆಯದಲ್ಲವಲ್ಲ. ಆದರೂ ಮಗಳು ತಂದಳು, ಚುಚ್ಚಿದೆ: 132 ಇದ್ದದ್ದು ಒಂದು ಗಂಟೆಗೆ 208. ಹೂಕೋಸಿನದ್ದಲ್ಲ ತಪ್ಪು, ಅದಕ್ಕೆ ಉಡಿಸಿದ ಬಟ್ಟೆಯದು. ಮೈದಾ, ಕಾರ್ನ್‌ಫ್ಲೋರ್, ಮೇಲೆ ಸಕ್ಕರೆ ಬೆರೆತ ಟೊಮೆಟೊ ಸಾಸು. ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೆ ಕೆಂಪು ಕಡಿಮೆಯಾಗಿದೆ, ಸಾಸು ಹಾಗೇ ಇದೆ.

ಒಂಟಿ ತಿಂಡಿಗಳು ಮುಗಿದ ಮೇಲೆ ಜೋಡಿ ಮಾಡಿ ನೋಡಿದೆ. ಸಿಂಗಲ್ ಇಡ್ಲಿ, ಸಿಂಗಲ್ ವಡೆ. ಮೊದಲು ವಡೆ ಪೂರ್ತಿ, ಆಮೇಲೆ ಇಡ್ಲಿ. ಒಂದು ಗಂಟೆಗೆ 161, ಎರಡಕ್ಕೆ 154. ಇಡ್ಲಿ ಮೊದಲು, ವಡೆ ಆಮೇಲೆ ತಿಂದಾಗ 179. ಬೇಳೆ, ತರಕಾರಿ ಮೊದಲು ಹೋಗಿ ಪಿಷ್ಟ ಆಮೇಲೆ ಹೋದರೆ ಏರಿಕೆ ತಗ್ಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಎರಡೆರಡು ದಿನದ ಲೆಕ್ಕ, ದೊಡ್ಡ ಮಾತು ಆಡುವುದಿಲ್ಲ, ಆದರೆ ನನ್ನ ಮೀಟರೂ ತಲೆಯಾಡಿಸಿತು. ಮಸಾಲೆ ದೋಸೆಯನ್ನು ಮಾತ್ರ ಬಿಡಲು ಮನಸ್ಸಿರಲಿಲ್ಲ. ಒಂದು ಭಾನುವಾರ ತಿಂದವಳೇ ಮನೆಗೆ ಹೋಗದೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇಪ್ಪತ್ತೈದು ನಿಮಿಷ ನಡೆದೆ. ಕಲ್ಲುಬೆಂಚಿನ ಮೇಲೆ ಕೂತು ಚುಚ್ಚಿಕೊಂಡರೆ ಒಂದು ಗಂಟೆಗೆ 146, ಎರಡು ಗಂಟೆಗೆ ಮನೆಯಲ್ಲಿ 169. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನಾನು ಬರೀ ಮೆಟ್‌ಫಾರ್ಮಿನ್ ಮೇಲಿರುವವಳು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಹೀಗೆ ತಿಂಡಿ, ನಡಿಗೆ ಅದಲುಬದಲು ಮಾಡಿದರೆ ಶುಗರ್ ತೀರಾ ಕೆಳಗಿಳಿಯಬಹುದು, ಅವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಈಗ ಶನಿವಾರ ನನ್ನದು ಇಡ್ಲಿ ಒಂದು, ವಡೆ ಒಂದು, ಸಾಂಬಾರು ಬಟ್ಟಲಲ್ಲಿ ಬೇರೆ. ತಿಂಗಳಿಗೊಂದು ಮಸಾಲೆ ದೋಸೆ, ಕೆರೆ ಏರಿಯ ಬಾಡಿಗೆ ಕಟ್ಟಿ. ಪೂರಿ ಮತ್ತು ರಾಗಿ ದೋಸೆಯ ಕಡೆ ತಿರುಗಿಯೂ ನೋಡುವುದಿಲ್ಲ, ಒಂದರ ಮೇಲೆ ಭಯ, ಇನ್ನೊಂದರ ಮೇಲೆ ಸಿಟ್ಟು.

ಅಂಕಿಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಏರಿಸಿ, ಇಡ್ಲಿಯ ಸಾಲಿನ ಮೇಲೆ ಬೆರಳಿಟ್ಟು, ಎರಡು ಸಲ ಓದಿದರು. "ಆ ಹೋಟೆಲಿನವನಿಗೆ ಇಡ್ಲಿ ಮಾಡೋಕೆ ಬರಲ್ಲ ಬಿಡು" ಅಂದರು. ಅವತ್ತು ಸಂಜೆ ತಾವೇ ನಿಂತು ರುಬ್ಬಿಸಿದರು, ಬೆಳಿಗ್ಗೆ ತಾವೇ ಬೇಯಿಸಿದರು, ತಾವೇ ಬಡಿಸಿದರು, ಗಡಿಯಾರವನ್ನೂ ತಾವೇ ನೋಡಿದರು. ಎರಡು ಇಡ್ಲಿ, ಕಾಯಿಚಟ್ನಿ. ಒಂದು ಗಂಟೆಗೆ 164. "ನೋಡಿದ್ಯಾ?" ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.

ಅವರ ಇಡ್ಲಿ 40 ಗ್ರಾಂ. ತಿನ್ನುವ ಮೊದಲೇ ತೂಗಿದ್ದೆ, ಹೇಳಲಿಲ್ಲ.