ಜೀಪಿನ ನೆಲಕ್ಕೆ ಹೀಟ್ ಮ್ಯಾಟ್: ಮೂರು ಬೇಸಿಗೆ ಕಳೆದ ಮೇಲೆ

ಅಮ್ಮ ಜೀಪಿನಿಂದ ಇಳಿದರು. ಅವರ ಎಡಗಾಲಿನ ಚಪ್ಪಲಿ ಇಳಿಯಲಿಲ್ಲ. 2023 ರ ಏಪ್ರಿಲ್. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಇರುವ ನಮ್ಮ ತೋಟಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಬಂದಿದ್ದೆವು, ಅಷ್ಟೇ. ಹವಾಯಿ ಚಪ್ಪಲಿ ಮೆತ್ತಗಾಗಿ ನೆಲದ ತಗಡಿಗೆ ಹಿಡಿದುಕೊಂಡಿತ್ತು. "ಇದು ಜೀಪೋ, ರೊಟ್ಟಿ ಹಂಚೋ?" ಎಂದರು. ಅವತ್ತು ರಾತ್ರಿಯೇ ಹೀಟ್ ಮ್ಯಾಟ್, ಅಂದರೆ ಶಾಖ ತಡೆಯಲು ತಗಡಿಗೆ ಅಂಟಿಸುವ ಹಾಸು, ಆರ್ಡರ್ ಮಾಡಿದೆ.

ಗಾಡಿ 1994 ರ ಮಹೀಂದ್ರ ಎಂಎಂ 540. ಪೂಜೋ ಡೀಸೆಲ್ ಎಂಜಿನ್, 2112 ಸಿಸಿ. ಚಾಸಿ, ಎಂಜಿನ್ ಹಳೆಯವೇ. ಬಾಡಿ ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು. ಹೊಸ ಬಾಡಿ ಬಿಡಿಬಿಡಿಯಾಗಿ ತರಿಸಿ, ಎಂಟು ತಿಂಗಳು ಭಾನುವಾರಗಳನ್ನೆಲ್ಲ ಕೊಟ್ಟು, ಮೆಕ್ಯಾನಿಕ್ ಭಾಯ್ ಜೊತೆ ನಾನೇ ಕೂರಿಸಿದೆ. ಮೊದಲ ಸವಾರಿ 2022 ರ ಸೆಪ್ಟೆಂಬರ್‌ನಲ್ಲಿ, ಮಾರಿಕಣಿವೆ ಅಣೆಕಟ್ಟಿನ ಕೋಡಿ ನೋಡಲು. 1933 ರ ನಂತರ, 89 ವರ್ಷಕ್ಕೆ ಕೋಡಿ ಬಿದ್ದಿತ್ತು. ಜಿಲ್ಲೆಗೆ ಜಿಲ್ಲೆಯೇ ಅಲ್ಲಿತ್ತು. ಮಳೆಗಾಲ ನೋಡಿ, ಅವತ್ತು ಸೆಕೆ ಗೊತ್ತೇ ಆಗಲಿಲ್ಲ. ಬಣ್ಣದ ಹೊಳಪು ನೋಡುವುದರಲ್ಲೇ ಮೈಮರೆತಿದ್ದೆ.

ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಸೈಲೆನ್ಸರ್ ಪೈಪ್ ಎಲ್ಲಿ ಹಾಯಬೇಕು, ಎಲ್ಲಿ ತಗಡು ಅಡ್ಡ ಇರಬೇಕು ಎಂದು ಯಾರೋ ಯೋಚಿಸಿರುತ್ತಾರೆ. ಕೈಯಲ್ಲಿ ಕಟ್ಟಿದ ಗಾಡಿಯಲ್ಲಿ ಆ ಯೋಚನೆ ನಾವೇ ಮಾಡಬೇಕು. ನಾವು ಮಾಡಿರಲಿಲ್ಲ. ಪೈಪ್ ನೇರವಾಗಿ ಅಮ್ಮನ ಪಾದದ ಕೆಳಗೇ ಹೋಗಿತ್ತು. ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಕೇಟರ್‌ಹ್ಯಾಮ್ ಸೆವೆನ್ ಎಂಬ ಪುಟ್ಟ ತೆರೆದ ಕಾರನ್ನು ಕಿಟ್ ತರಿಸಿ ಮನೆಯಲ್ಲೇ ಜೋಡಿಸುವವರಿದ್ದಾರೆ. ಅದರ ಮೂಲ 1957 ರ ಲೋಟಸ್ ಸೆವೆನ್. ಅಲ್ಲೂ ಗೇರ್‌ಬಾಕ್ಸ್ ಹಾಯುವ ದಿಬ್ಬ ತೊಡೆಗೆ ಅಂಟಿಕೊಂಡೇ ಇರುತ್ತದೆ. ಆ ಚಳಿ ದೇಶದಲ್ಲೇ ಕಾಲು ಬಿಸಿಯಾಗುತ್ತದೆ ಎಂದರೆ ದುರ್ಗದ ಏಪ್ರಿಲ್‌ನಲ್ಲಿ ಕೇಳಬೇಕಾ?

ಈಗ ಮ್ಯಾಟ್ ವಿಷಯ. ಮೇಲೆ ಬೆಳ್ಳಿ ಬಣ್ಣದ ಫಾಯಿಲ್, ಕೆಳಗೆ 6 ಮಿಲಿಮೀಟರ್ ದಪ್ಪದ ಫೋಮ್, ಅದರ ಕೆಳಗೆ ಅಂಟು. ಎರಡು ರೋಲ್‌ಗೆ 6,800 ರೂಪಾಯಿ. ಕಂಪನಿ ಹೆಸರು ಬೇಡ. ಅಂಗಡಿಯಲ್ಲಿ ಸಿಗುವ ಹತ್ತು ಬಗೆಯೂ ಹೆಚ್ಚುಕಡಿಮೆ ಒಂದೇ ಮಾಲು. ಅಂಟಿಸುವುದು ಸುಲಭ. ತಗಡನ್ನು ತಿನ್ನರ್ ಹಾಕಿ ಚೆನ್ನಾಗಿ ಒರೆಸಿ, ಅಳತೆಗೆ ಕತ್ತರಿಸಿ, ಕೈಯಲ್ಲಿ ಒತ್ತಿದರೆ ಹಿಡಿಯುತ್ತದೆ. ನೆಲ, ಗೇರ್‌ಬಾಕ್ಸ್ ದಿಬ್ಬ, ಎಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ಫೈರ್‌ವಾಲ್ ತಗಡು, ಎಲ್ಲ ಕಡೆ ಹಾಕಿದೆ. ಮೇಲೆ ರಬ್ಬರ್ ಮ್ಯಾಟ್ ಹಾಸಿದೆ.

ಮೊದಲ ವಾರ ಬಹಳ ಖುಷಿಯಲ್ಲಿದ್ದೆ. ದೂರದಿಂದಲೇ ಶಾಖ ಅಳೆಯುವ ಥರ್ಮಾಮೀಟರ್ ಗನ್ ಇದೆ ನನ್ನ ಬಳಿ. ಹೊರಗೆ 38 ಡಿಗ್ರಿ ಇದ್ದಾಗ, ತೋಟ ಮುಟ್ಟುವ ಹೊತ್ತಿಗೆ ಅಮ್ಮನ ಕಾಲಿನ ಕೆಳಗಿನ ಬರೀ ತಗಡು 71 ಡಿಗ್ರಿ ತೋರಿಸುತ್ತಿತ್ತು. ಮ್ಯಾಟ್ ಹಾಕಿದ ಮೇಲೆ 43! ಸಿಕ್ಕವರಿಗೆಲ್ಲ ಫೋಟೋ ಕಳಿಸಿದೆ. ಒಂದು ದಿನ ಸುಮ್ನೆ ಫಾಯಿಲ್ ಮೇಲೆ ಕೈ ಇಟ್ಟೆ. ಚುರ್ ಎಂದಿತು. 43 ಡಿಗ್ರಿಗೆ ಯಾರ ಕೈಯೂ ಹಾಗೆ ಸುಡುವುದಿಲ್ಲ, ಅಲ್ವಾ?

ಗುಟ್ಟು ಇಷ್ಟೇ. ಆ ಗನ್, ವಸ್ತು ಹೊರಸೂಸುವ ಶಾಖದ ಕಿರಣವನ್ನು ಅಳೆಯುತ್ತದೆ. ಹೊಳೆಯುವ ಫಾಯಿಲ್ ತಾನು ಎಷ್ಟೇ ಬಿಸಿಯಿದ್ದರೂ ಕಿರಣ ಬಿಡುವುದು ಬಹಳ ಕಡಿಮೆ. ಹಾಗಾಗಿ ಗನ್ ತಪ್ಪು ಹೇಳುತ್ತದೆ. ಪೇಂಟ್ ಹೊಡೆದ ತಗಡಿನ ಮೇಲೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿ ತೋರಿಸುತ್ತದೆ. ಫಾಯಿಲ್ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆದೆ. 59. ಜಾಹೀರಾತಿನಲ್ಲಿ ಫಾಯಿಲ್ ಮೇಲೆ ನೇರವಾಗಿ ಗನ್ ಹಿಡಿದ ಫೋಟೋ ಕಂಡರೆ ಈಗ ನಗು ಬರುತ್ತದೆ. ಕಳಿಸಿದ ಫೋಟೋಗಳನ್ನು ಮಾತ್ರ ವಾಪಸ್ ಕೇಳಲು ಹೋಗಲಿಲ್ಲ.

71 ರಿಂದ 59 ಕಡಿಮೆಯೇನಲ್ಲ. ಆದರೆ 6,800 ರೂಪಾಯಿಗೆ ಅದು ಸಾಲದು. ಆಮೇಲೆ ತಿಳಿಯಿತು, ಫಾಯಿಲ್ ಕೆಲಸ ಮಾಡಬೇಕಾದರೆ ಅದರ ಮುಂದೆ ಒಂದಿಷ್ಟು ಗಾಳಿಯ ಜಾಗ ಇರಬೇಕು. ನಾನು ಅದರ ಮೇಲೆ ರಬ್ಬರ್ ಮ್ಯಾಟ್ ಹಾಸಿ ಅದುಮಿಬಿಟ್ಟಿದ್ದೆ. ಶಾಖ ಮುಟ್ಟಿಕೊಂಡೇ ದಾಟುವಾಗ ಹೊಳಪು ಏನು ಮಾಡೀತು? ಆಗ ಕೆಲಸ ಮಾಡುತ್ತಿದ್ದುದು ಬರೀ ಫೋಮ್.

ಭಾಯ್ ಮೊದಲೇ ಹೇಳಿದ್ದರು. "ಸಾರ್, ಮ್ಯಾಟ್ ಆಮೇಲೆ ನೋಡಾನ. ಮೊದ್ಲು ತೂತು ಮುಚ್ಚಾನ." ನಾನು ಕೇಳಿರಲಿಲ್ಲ. ಎರಡನೇ ಬೇಸಿಗೆ, ಅಂದರೆ 2024, ಬರಗಾಲದ ಬಿಸಿಲು. ಹತ್ತು ಗಂಟೆಗೇ ರಸ್ತೆಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಆಗ ಅವರ ಮಾತು ಕೇಳಿದೆ. ಒಂದು ರಾತ್ರಿ ಶೆಡ್ಡಿನ ದೀಪ ಆರಿಸಿ, ಬಾನೆಟ್ ಒಳಗೆ ಒಂದು ಬಲ್ಬ್ ಉರಿಸಿ, ಬಾನೆಟ್ ಮುಚ್ಚಿ ಒಳಗೆ ಕೂತೆವು. ಫೈರ್‌ವಾಲ್ ತುಂಬ ನಕ್ಷತ್ರ! ಹಳೇ ವೈರಿಂಗ್ ತೂತುಗಳು, ಸ್ಟೇರಿಂಗ್ ರಾಡ್ ಸುತ್ತಲಿನ ಸಂದು, ಪೆಡಲ್ ಸಂದು, ಗೇರ್ ಲಿವರ್ ಬುಡ. ಎಣಿಸಿದರೆ 19. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಗಾಡಿ ಓಡುವಾಗ ಎಲ್ಲಿಗಾದರೂ ಹೋಗಬೇಕಲ್ಲ. ಇವುಗಳಲ್ಲಿ ನುಗ್ಗಿ ನೇರ ನಮ್ಮ ಮೊಣಕಾಲಿಗೆ ಬರುತ್ತಿತ್ತು. ಮ್ಯಾಟ್ ಅಂಟಿಸುವಾಗ ಪ್ರತಿ ತೂತಿನ ಸುತ್ತ ನಾನೇ ನೀಟಾಗಿ ಕತ್ತರಿಸಿ ದಾರಿ ಬಿಟ್ಟಿದ್ದೆ.

ಸಣ್ಣ ತೂತಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ), ಬೇಡದ ತೂತಿಗೆ ತಗಡಿನ ತುಂಡು, ಗೇರ್ ಲಿವರ್‌ಗೂ ಪಕ್ಕದ ಫೋರ್ ವೀಲ್ ಲಿವರ್‌ಗೂ ಹಳೇ ಲಾರಿ ಟ್ಯೂಬ್ ಕತ್ತರಿಸಿ ಮಾಡಿದ, ಬುಡ ಮುಚ್ಚುವ ಬೂಟ್. ಒಟ್ಟು ಖರ್ಚು 400 ರೂಪಾಯಿ ಚಿಲ್ಲರೆ. ಪೆಡಲ್ ಹತ್ತಿರದ ಗಾಳಿ 54 ಡಿಗ್ರಿಯಿಂದ 44 ಕ್ಕೆ ಇಳಿಯಿತು. ಡೀಸೆಲ್ ವಾಸನೆಯೂ ಹೋಯಿತು. ಇಷ್ಟು ದಿನ ಅದು ಹಳೇ ಜೀಪಿನ ಸಹಜ ಪರಿಮಳ ಎಂದುಕೊಂಡಿದ್ದೆ.

ನೆಲದ ಬಿಸಿ ಹೋಗಿದ್ದು ಗುಜರಿ ಅಂಗಡಿಯಿಂದ ತಂದ ಅಲ್ಯೂಮಿನಿಯಂ ಹಾಳೆಯಿಂದ. ಅದನ್ನು ಗಾಡಿಯ ಕೆಳಗೆ, ಸೈಲೆನ್ಸರ್ ಪೈಪಿಗೂ ನೆಲಕ್ಕೂ ನಡುವೆ, ನಾಲ್ಕೇ ಬೋಲ್ಟಿನಲ್ಲಿ ನೇತುಹಾಕಿದೆವು. ನೆಲಕ್ಕೂ ಹಾಳೆಗೂ 20 ಮಿಲಿಮೀಟರ್ ಸಂದು, ಹಿಂದೆ ಮುಂದೆ ತೆರೆದದ್ದು. ಪೈಪಿನ ಝಳ ಮೊದಲು ಹಾಳೆಗೆ ಬಡಿಯುತ್ತದೆ. ಅದರಿಂದ ದಾಟಿದ್ದನ್ನು ಸಂದಿನಲ್ಲಿ ಓಡುವ ಗಾಳಿ ಒಯ್ಯುತ್ತದೆ. ಕೂಲಿ ಸೇರಿ 1,500 ರೂಪಾಯಿ. ನೆಲ 46 ಡಿಗ್ರಿ, ಟೇಪ್ ಇಟ್ಟೇ ಅಳೆದದ್ದು! ಒಂದು ಎಚ್ಚರಿಕೆ: ನಮ್ಮ ಕಡೆ ಹುರುಳಿ, ರಾಗಿ ಒಕ್ಕಣೆಯನ್ನು ರಸ್ತೆಯಲ್ಲೇ ಮಾಡುತ್ತಾರೆ. ಅದರ ಮೇಲೆ ಹಾದರೆ ಹುಲ್ಲು, ಹೊಟ್ಟು ಈ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿ ಪೈಪಿಗೆ ತಾಗಿದರೆ ಗಾಡಿಯೇ ಹೊತ್ತಿಕೊಳ್ಳಬಹುದು. ಸುಗ್ಗಿಯಲ್ಲಿ ಬಗ್ಗಿ ನೋಡದೆ ಶೆಡ್ಡಿಗೆ ಹಾಕುವುದಿಲ್ಲ.

ನಡುವೆ ಇನ್ನೊಂದು ತಪ್ಪು ಮಾಡಿದ್ದೆ. ಸೈಲೆನ್ಸರ್ ಪೈಪಿಗೆ ಸುತ್ತುವ ಶಾಖನಿರೋಧಕ ಪಟ್ಟಿ, 2,200 ರೂಪಾಯಿ. ಮೊದಲ ದಿನ ಗಾಡಿಗೇ ಬೆಂಕಿ ಬಿದ್ದಂತೆ ಹೊಗೆ. ಅದು ಸಹಜ, ನಿಲ್ಲುತ್ತದೆ. ನಿಲ್ಲದ್ದು ಮಳೆಗಾಲದ ತೊಂದರೆ. ಪಟ್ಟಿ ನೀರು, ಕೆಸರು ಹೀರಿಕೊಂಡು ಪೈಪಿಗೆ ಒದ್ದೆ ಬಟ್ಟೆ ಸುತ್ತಿದಂತೆ ಕೂರುತ್ತದೆ. 2025 ರ ಜನವರಿಯಲ್ಲಿ ಬಿಚ್ಚಿದರೆ ಪೈಪ್ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಎರಡು ಕಡೆ ತೂತು. ತುಕ್ಕು ಹಿಡಿಯದ ಸ್ಟೀಲ್ ಪೈಪ್ ಇದ್ದು, ಬಿಸಿಲಲ್ಲಿ ಮಾತ್ರ ಹೊರಗೆ ತೆಗೆಯುವ ಷೋಕಿ ಗಾಡಿಗೆ ಸರಿ. ತೋಟದ ಗಾಡಿಗೆ ಬೇಡವೇ ಬೇಡ. ಡೀಸೆಲ್, ಆಯಿಲ್ ತೊಟ್ಟಿಕ್ಕುವ ಎಂಜಿನ್ ಆದರೆ ಇನ್ನೂ ಅಪಾಯ, ಪಟ್ಟಿ ಬತ್ತಿಯಂತಾಗುತ್ತದೆ.

ಮೇಲಿನ ಬಿಸಿಲಿಗೆ ಹೆಚ್ಚು ಹೇಳುವುದಿಲ್ಲ. ಖಾಕಿ ಕ್ಯಾನ್ವಾಸ್ ಟಾಪ್, ಕಪ್ಪು ರೆಕ್ಸಿನ್ ಸೀಟಿನ ಮೇಲೆ ಮರದ ಮಣಿಯ ಕವರ್. ಬೆನ್ನಿಗೆ ಗಾಳಿಯಾಡುತ್ತದೆ. ಮುಂದಿನ ಗಾಜು ಮಡಚಿದರೆ ತಂಪು ಎಂಬುದು ಏಪ್ರಿಲ್‌ನಲ್ಲಿ ಸುಳ್ಳು. 38 ಡಿಗ್ರಿ ಗಾಳಿ ಚರ್ಮಕ್ಕಿಂತ ಬಿಸಿ. ತಂಪು ಮಾಡುವುದು ಆರುವ ಬೆವರು ಮಾತ್ರ. ನಮ್ಮ ಒಣ ಹವೆಗೆ ಕುತ್ತಿಗೆಗೆ ಒಂದು ಒದ್ದೆ ಟವಲ್, ಕ್ಯಾನಿನಲ್ಲಿ ಮಜ್ಜಿಗೆ ಇದ್ದರೆ ಸಾಕು. ಹಿಂದಿನ ಪರದೆ ಒಂದನ್ನೇ ಎತ್ತಿ ಓಡಿಸಬೇಡಿ. ಹೊಗೆ ಹಿಂದಿನಿಂದ ಒಳಗೆ ಎಳೆದುಕೊಂಡು ಬರುತ್ತದೆ.

ಮ್ಯಾಟ್ ಈಗ ಹೇಗಿದೆ? ಈ ವರ್ಷ ನೆಲದ್ದನ್ನು ಕಿತ್ತು ಹಾಕಿದೆ. ತೆರೆದ ಗಾಡಿ, ಒಳಗೆ ಮಳೆ ಬರುತ್ತದೆ. ಫೋಮ್ ನೀರು ಕುಡಿಯುವುದಿಲ್ಲ, ನಿಜ. ಆದರೆ ಅಂಚು ಎದ್ದ ಕಡೆ ನೀರು ಕೆಳಗೆ ಸೇರಿ ಅಲ್ಲೇ ಉಳಿದಿತ್ತು. ನಾನೇ ಬಳಿದ ಬಣ್ಣದ ಕೆಳಗೆ ಅಂಗೈಯಗಲ ತುಕ್ಕು. ಫೈರ್‌ವಾಲ್ ಮತ್ತು ದಿಬ್ಬದ ಮೇಲಿನದು ಮಾತ್ರ ಮೂರು ವರ್ಷವಾದರೂ ಗಟ್ಟಿಯಾಗಿದೆ. ಅಲ್ಲಿ ನೀರು ನಿಲ್ಲುವುದಿಲ್ಲ, ಯಾರೂ ತುಳಿಯುವುದಿಲ್ಲ, ಫಾಯಿಲ್ ಎದುರು ಗಾಳಿಯೂ ಇದೆ. ಎಂಜಿನ್ ಸದ್ದೂ ಸ್ವಲ್ಪ ಕಡಿಮೆ. ಅಲ್ಲಿಗೆ ಐದರಲ್ಲಿ ನಾಲ್ಕು ಅಂಕ, ನೆಲಕ್ಕೆ ಒಂದೂವರೆ. ಎರಡು ರೋಲ್ ಬೇಕಿರಲಿಲ್ಲ, ಒಂದರಲ್ಲೇ ಮುಗಿಯುತ್ತಿತ್ತು.

ಅಮ್ಮ ಈಗ ಚಪ್ಪಲಿ ಬಿಟ್ಟೇ ಕೂರುತ್ತಾರೆ. ನನ್ನ ಬಳಿ ಇನ್ನೂ ಅರ್ಧ ರೋಲ್ ಉಳಿದಿದೆ. ದುರ್ಗದಲ್ಲಿ ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ, ಬಾನೆಟ್ ಒಳಗೆ ಬಲ್ಬ್ ಇಟ್ಟು ತೂತು ಎಣಿಸಿಕೊಂಡು ಬಂದವರಿಗೆ ಮಾತ್ರ.